ಮೋಹಿನಿ ಯಾರ ಮಗಳು?

ನಮ್ಮೂರ ಹಳ್ಳದ ದಂಡಿಗೆ ಒಂದು ಹುಣಸಿಮರ ಇತ್ತು. ಅಮಾಸಿ ರಾತ್ರಿ ಅದರ ಬುಡದಾಗ ಮೋಹಿನಿ ನಿಂತಿರ್ತಾಳ, ಹೆಸರು ಹಿಡಿದು ಕರೀತಾಳ, ಓಗೊಟ್ಟವ ರಕ್ತ ಕಾರಿ ಸಾಯ್ತಾನ ಅಂತ ಊರೆಲ್ಲ ಹೇಳುತ್ತಿತ್ತು. ಮೇಲಿನ ಓಣಿಯವರ ಕತೆಯಲ್ಲಿ ಆಕೆಗೆ ಬಿಳಿ ಸೀರೆ, ಉದ್ದ ಕೂದಲು, ಮಲ್ಲಿಗೆ ವಾಸನೆ, ಹಿಂದುಮುಂದಾದ ಪಾದ. ನಮ್ಮ ಕೇರಿಯಲ್ಲಿ ಆಯಿ ಹೇಳುವಾಗ ಮಾತ್ರ ಆಕೆಗೆ ಒಂದು ಮನೆ ಇತ್ತು.

"ಆಕಿ ಯಾವ ಮೋಹಿನೀನೂ ಅಲ್ಲೋ ತಮ್ಮಾ, ನಮ್ಮ ಕೇರಿ ಹೆಣ್ಮಗಳು. ತೊಗರಿ ಹೊಲದಾಗ ಕಸಾ ತೆಗಿಲಾಕ ಹೋದಾಕಿ ಹೊಳ್ಳಿ ಬರಲಿಲ್ಲ. ಮರುದಿನ ಬಾವ್ಯಾಗ ತೇಲಿದ್ಲು."

ಬಾವಿ ಯಾರದು ಅಂತ ಕೇಳಿದರೆ ಆಯಿ ಬಾಯಿಗೆ ಸೆರಗು ಇಟ್ಟುಕೊಳ್ಳುತ್ತಿದ್ದಳು.

ನೋಡಿ, ಮೋಹಿನಿ ಎಂಬ ಹೆಸರೇ ಎರಡು ಜಾತಿಯದು. ವಿಷ್ಣು ಹೆಣ್ಣುವೇಷ ಹಾಕಿ ಅಸುರರ ಪಾಲಿನ ಅಮೃತ ಕಸಿದರೆ ಆ ಮೋಹಿನಿ ದೇವರು; ಬೇಲೂರಿನ ಗುಡಿಯ ಕಂಬದ ಮೇಲೆ ನಿಲ್ಲುತ್ತಾಳೆ. ಕೂಲಿ ಹೆಂಗಸು ಸತ್ತು ಮೋಹಿನಿಯಾದರೆ ದೆವ್ವ. ಮೋಸ ಮಾಡಿದವಳಿಗೆ ಪೂಜೆ, ಮೋಸಹೋದವಳಿಗೆ ಬೇವಿನ ಬರಲು.

ಈ ಸಿಟ್ಟು ಹೊತ್ತುಕೊಂಡೇ ನಾನು ಚಿತ್ತಾಪುರ ಸೀಮೆಯ ಸನ್ನತಿಗೆ ಹೋದೆ. ಭೀಮಾ ನದಿಯ ದಂಡೆಯ ಈ ಊರಲ್ಲಿ ಚಂದ್ರಲಾಂಬೆಯ ಗುಡಿ ಇದೆ. ಅಲ್ಲಿನ ಸ್ಥಳಪುರಾಣ ಕೇಳಿ ಬೆರಗಾದೆ. ಸೇತುರಾಜನೆಂಬ ಅರಸ ನಾರಾಯಣ ಮುನಿಯ ಹೆಂಡತಿ ಚಂದ್ರವದನೆಯನ್ನು ಕಂಡು ಮರುಳಾದ, ಹೊತ್ತೊಯ್ದ. ದೇವಿ ದುಂಬಿಗಳಾಗಿ ಬಂದು ಅವನನ್ನು ಕೊಂದಳು. ಇಲ್ಲಿ ರಾಕ್ಷಸ ಯಾರು? ಅರಸ. ಅವನು ಮರುಳಾದದ್ದಕ್ಕೆ ಚಂದ್ರವದನೆಯನ್ನು ಯಾರೂ ಮೋಹಿನಿ ಅನ್ನಲಿಲ್ಲ. ಯಾಕೆಂದರೆ ಆಕೆ ಮುನಿಯ ಹೆಂಡತಿ. ನಮ್ಮ ಕೇರಿಯವಳ ಪರವಾಗಿ ಒಂದು ದುಂಬಿಯೂ ಹಾರಲಿಲ್ಲ.

ಅದೇ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು. ಮೂರ್ತಿ ಒಡೆಯಿತು. ಕೆಳಗಿನ ಪೀಠದ ಕಲ್ಲು ನೋಡಿದರೆ ಅಶೋಕನ ಶಾಸನ! ಹನ್ನೆರಡನೆಯ, ಹದಿನಾಲ್ಕನೆಯ ಶಿಲಾಶಾಸನಗಳು, ಜೊತೆಗೆ ಧೌಲಿ ಮತ್ತು ಜೌಗಡದಲ್ಲಿ ಸಿಕ್ಕಂಥ ಎರಡು ಪ್ರತ್ಯೇಕ ಶಾಸನಗಳು. ಎಲ್ಲ ಮನುಷ್ಯರೂ ತನ್ನ ಮಕ್ಕಳೆಂದು ಅರಸ ಹೇಳುವುದು ಈ ಪ್ರತ್ಯೇಕ ಶಾಸನಗಳಲ್ಲೇ. ಆ ಅಕ್ಷರಗಳ ನಡುವೆಯೇ ಮೂರ್ತಿ ಕೂರಿಸಲು ಚೌಕ ತೂತು ಕೊರೆದಿದ್ದರು. ಹನ್ನೆರಡನೆಯ ಶಾಸನದಲ್ಲಿ ಹೆಂಗಸರ ಮೇಲ್ವಿಚಾರಣೆಗೆ ನೇಮಿಸಿದ ಮಹಾಮಾತ್ರರ ಮಾತೂ ಬರುತ್ತದೆ. ಮೇಲ್ವಿಚಾರಣೆ ಅಂದರೆ ಕಾಪಾಡುವುದೋ, ಕಾವಲು ಕಾಯುವುದೋ? ಅಶೋಕನನ್ನೂ ನಾವು ಸುಮ್ಮನೆ ನಂಬಬೇಕಾಗಿಲ್ಲ.

ಹತ್ತಿರದ ಕನಗನಹಳ್ಳಿಯಲ್ಲಿ 1994ರಿಂದ ಪುರಾತತ್ವ ಇಲಾಖೆ ಅಗೆದಾಗ ದೊಡ್ಡ ಸ್ತೂಪವೇ ಎದ್ದು ಬಂತು. ನಮ್ಮಪ್ಪ ಶಹಾಬಾದ ಕಡೆಯ ಖಣಿಯೊಳಗ ಕಲ್ಲು ಒಡೆದವ. ನಾನು ನಮ್ಮ ಮನೆಯ ಮೊದಲ ಪದವೀಧರ. ಹಾಸುಗಲ್ಲಿನ ಮೇಲೆ ಅಶೋಕ ನಿಂತಿದ್ದಾನೆ, ಬ್ರಾಹ್ಮಿಯಲ್ಲಿ 'ರಾಯೋ ಅಸೋಕೋ' ಎಂಬ ಹೆಸರಿದೆ. ಪಕ್ಕದ ಹೆಂಗಸರಿಗೆ ಹೆಸರಿಲ್ಲ. ಆದರೆ ಅದೇ ಸ್ತೂಪಕ್ಕೆ ಕಲ್ಲು ದಾನ ಕೊಟ್ಟ ಹೆಂಗಸರ, ಭಿಕ್ಷುಣಿಯರ ಹೆಸರು ಕಲ್ಲಿನಲ್ಲೇ ಇವೆ. ಆ ಕಾಲಕ್ಕೆ ಹೆಣ್ಣು ತನ್ನ ಹೆಸರು ಕೆತ್ತಿಸಬಲ್ಲವಳಾಗಿದ್ದಳು ಎಂಬುದು ಸಣ್ಣ ಮಾತಲ್ಲ.

ಹಾಗಂತ ಬುದ್ಧನ ಕತೆಯಲ್ಲಿ ಮೋಹಿನಿಯರಿಲ್ಲವೆ? ಇದ್ದಾರೆ. ಪಾಲಿ ಸಂಯುತ್ತ ನಿಕಾಯದಲ್ಲಿ ಮಾರನ ಮೂವರು ಹೆಣ್ಣುಮಕ್ಕಳು ಬರುತ್ತಾರೆ: ತಣ್ಹಾ, ಅರತಿ, ರಾಗಾ. ಕನ್ಯೆಯರಾಗಿ, ಹಡೆದವರಾಗಿ, ನಡುಪ್ರಾಯದವರಾಗಿ ನೂರುನೂರು ರೂಪ ತಾಳಿ ಬುದ್ಧನನ್ನು ಒಲಿಸಲು ನೋಡಿ ಸೋಲುತ್ತಾರೆ. ಅವರ ಹೆಸರಿನ ಅರ್ಥ ನೋಡಿ: ತೃಷ್ಣೆ, ಬೇಸರ, ಮೋಹ. ಇವು ಗಂಡಸಿನ ಎದೆಯೊಳಗಿನ ಸಂಗತಿಗಳು. ಕತೆ ಕಟ್ಟಿದ ಭಿಕ್ಕುಗಳು ಅವಕ್ಕೆ ಹೆಣ್ಣಿನ ಮೈ ತೊಡಿಸಿದರು. ಬೌದ್ಧರೆಂದು ನಾವು ಇದನ್ನು ಮುಚ್ಚಿಡಬಾರದು.

ಬಾಬಾಸಾಹೇಬರು ಮುಚ್ಚಿಡಲಿಲ್ಲ. ಅವರು ತೀರಿಕೊಂಡ ಮರುವರ್ಷ, 1957ರಲ್ಲಿ ಅಚ್ಚಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಧ್ಯಾನಕ್ಕೆ ಕುಳಿತವನ ಮುಂದೆ ರಾಕ್ಷಸಿಯರು ಕುಣಿಯುವುದಿಲ್ಲ. ಅವನದೇ ಮನಸ್ಸಿನ ಕೆಟ್ಟ ಆಸೆಗಳು ಏಳುತ್ತವೆ. ಪುರಾಣದವರು ಅದನ್ನೇ ಮಾರನ ಮಕ್ಕಳು ಅಂದರೆಂದು ಬರೆದು ಮುಂದೆ ಹೋಗುತ್ತಾರೆ. ಒಂದೇ ಏಟಿಗೆ ಆ ಹೊರೆ ಹೆಣ್ಣಿನ ತಲೆಯಿಂದ ಇಳಿಯಿತು.

ಪುಸ್ತಕದಲ್ಲಿ ಇಳಿಯಿತು, ಊರಲ್ಲಿ ಇಳಿದಿಲ್ಲ. ಸೇಡಂ, ಚಿಂಚೋಳಿ ಕಡೆ ಭಾನಾಮತಿಯ ಭಯ ಹಳೆಯದು. ಗಡಿಯಾಚೆ ಮೆದಕ್ ಸೀಮೆಯಲ್ಲಿ ಮಂತ್ರ ಹೇಳಬಾರದೆಂದು ಆರೋಪ ಹೊತ್ತವರ ಹಲ್ಲು ಕಿತ್ತಿದ್ದಾರೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನು ತಡೆಯುವ ಕಾಯ್ದೆ ಕರ್ನಾಟಕದಲ್ಲಿ 2017ರಲ್ಲಿ ಆಯಿತು, 2020ರಲ್ಲಿ ಜಾರಿಗೆ ಬಂತು. ಒಳ್ಳೆಯದೇ. ಆದರೆ ಬಾವಿಯಲ್ಲಿ ತೇಲಿದವಳನ್ನು ದೆವ್ವ ಮಾಡಿ, ಬಾವಿಯ ಒಡೆಯನನ್ನು ಪಾರುಮಾಡುವ ಕತೆಗೆ ಯಾವ ಕಲಮು?

ಹುಣಸಿಮರ ಈಗಿಲ್ಲ, ರಸ್ತೆಗೆ ಹೋಯಿತು. ಆಯಿ ಸಾಯುವ ಮುಂಚೆ ಒಂದು ಸಂಜೆ ತಾನಾಗಿಯೇ ಆಕೆಯ ಹೆಸರು ಹೇಳಿದಳು. ಇಬ್ಬರೂ ಒಂದೇ ಸಾಲಿನಲ್ಲಿ ಕಸ ತೆಗೆದವರಂತೆ. ಆಕೆ ಛಲೋ ಹಾಡ್ತಿದ್ಲಂತೆ. ಹೆಸರು ನನ್ನ ನೋಟುಪುಸ್ತಕದಲ್ಲಿದೆ. ಆಕೆಯ ತಮ್ಮನ ಮಕ್ಕಳು ಇಂದಿಗೂ ಅದೇ ಹೊಲಕ್ಕೆ ಕೂಲಿಗೆ ಹೋಗುತ್ತಾರೆ. ಅದಕ್ಕೇ ಇಲ್ಲಿ ಅಚ್ಚು ಹಾಕಿಸುತ್ತಿಲ್ಲ.