ಸೂಜಿ ತುದಿಯ ಸಾಕ್ಷಿ: ಕಜ್ಜಿಯನ್ನು ಗುರುತಿಸಿದವರು

ನಮ್ಮ ಕಜ್ಜಿ ಗಡಿ ದಾಟಿದರೆ ಕಾಸರಗೋಡಲ್ಲಿ ಚೊರಿ, ಹೊಸೂರಲ್ಲಿ ಸಿರಂಗು, ಸೊಲ್ಲಾಪುರದಲ್ಲಿ ಖರೂಜ್, ರಾಯದುರ್ಗದಲ್ಲಿ ಗಜ್ಜಿ. ಹೆಸರು ಯಾವುದಾದರೂ ಇಸುಬು, ಹುಳುಕಡ್ಡಿ ಎಲ್ಲಾ ಎಷ್ಟೋ ಸಲ ಅದರೊಳಗೇ ಸೇರಿಬಿಡ್ತವೆ. ಯುರೋಪಿನ ವೈದ್ಯರದ್ದೂ ಬಹುಕಾಲ ಇದೇ ಪಾಡು. ದೇಹದ ರಸ ಕೆಟ್ಟಿದೆ ಅಂದು ಮುಗಿಸ್ತಿದ್ದರು.

1687ರಲ್ಲಿ ಇಟಲಿಯ ಬೊನೊಮೊ, ಚೆಸ್ತೋನಿಯ ಜತೆ ಕೆಲಸ ಮಾಡಿ, ಇದಕ್ಕೆ ಹುಳುವೇ ಕಾರಣ ಎಂದು ರೆಡಿಗೆ ಪತ್ರ ಬರೆದ. ಸುಳಿವು ಸಿಕ್ಕಿದ್ದು ಗ್ರಂಥದಿಂದಲ್ಲ, ಮಕ್ಕಳ ಚರ್ಮದಿಂದ ಸೂಜಿಯಲ್ಲಿ ಹುಳು ತೆಗೀತಿದ್ದ ಬಡ ಹೆಂಗಸರಿಂದ. ಹೆಚ್ಚಿನವರು ನಂಬಲಿಲ್ಲ. 1812ರಲ್ಲಿ ಪ್ಯಾರಿಸ್ಸಿನ ಗಾಲೆಸ್ ತಾನೂ ಕಂಡೆನೆಂದ. ಅವನು ಬರೆಸಿದ ಚಿತ್ರ ಚೀಸಿನ ಹುಳುವಿನದು ಎಂದು 1829ರಲ್ಲಿ ರಾಸ್ಪಾಯ್ ತೋರಿಸಿದ ಮೇಲೆ ಅನುಮಾನ ಇನ್ನೂ ಬಲಿಯಿತು. ಕೊನೆಗೆ 1834ರಲ್ಲಿ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ರೆನೂಚಿ ಎಂಬ ವಿದ್ಯಾರ್ಥಿ ಎಲ್ಲರೆದುರೇ ಹುಳು ತೆಗೆದ. ಅದು ಅವನ ಊರಾದ ಕಾರ್ಸಿಕಾದ ಹೆಂಗಸರ ವಿದ್ಯೆ! ವೈದ್ಯರು ಗುಳ್ಳೆಯೊಳಗೆ ಹುಡುಕ್ತಿದ್ದರು. ಹುಳು ಇದ್ದದ್ದು ಆಚೆ, ಚರ್ಮದ ಸಣ್ಣ ಸುರಂಗದ ಕೊನೆಯಲ್ಲಿ.

ಇಂದಿಗೂ ಮುಖ್ಯ ಗುರುತು ಆ ಸುರಂಗವೇ: ಬೆರಳ ಸಂದಿನಲ್ಲಿ, ಮಣಿಕಟ್ಟಿನಲ್ಲಿ ಎಳೆಯಂಥ ಗೆರೆ, ಜತೆಗೆ ರಾತ್ರಿ ಹೆಚ್ಚುವ ತುರಿಕೆ. ಹುಳುಕಡ್ಡಿಗೆ ಉಂಗುರದಂಥ ಅಂಚು. ಕುಷ್ಠದ ಮಚ್ಚೆ ಸಾಮಾನ್ಯವಾಗಿ ತುರಿಸೋದಿಲ್ಲ, ಅಲ್ಲಿ ಸ್ಪರ್ಶವೇ ಕುಂದಿರುತ್ತೆ; ಇದನ್ನ ಕಜ್ಜಿಯೊಂದಿಗೆ ಕಲಸಿದರೆ ಚಿಕಿತ್ಸೆ ತಡವಾಗಿ ನರವೇ ಹೋಗಬಹುದು. ಇಸುಬು ಅಂಟೋದಿಲ್ಲ. ಹಾಗಾಗಿ ಸೂಜಿಗಿಂತ ಮೊದಲು ಕೇಳಬೇಕಾದ್ದು, 'ಮನೇಲಿ ಇನ್ಯಾರಿಗೆ ತುರಿಕೆ?'