ಗಾಳಿಯಲ್ಲಿ ನಡೆದ ಶಾಲೆ



2020ರಲ್ಲಿ ನಾನು ಐದನೇ ತರಗತಿಯಲ್ಲಿದ್ದೆ. ಮೆಲ್ಬರ್ನ್‌ನಲ್ಲಿ ಲಾಕ್‌ಡೌನ್. ನಮ್ಮ ಶನಿವಾರದ ಕನ್ನಡ ತರಗತಿ ಜೂಮ್‌ಗೆ ಬಂತು. ಮೊದಲ ವಾರ ನಾವು ಹದಿನಾಲ್ಕು ಮಕ್ಕಳಿದ್ದೆವು. ಸೆಪ್ಟೆಂಬರ್ ಹೊತ್ತಿಗೆ ಆರೇ ಜನ ಉಳಿದೆವು. ಟೀಚರ್ ಚೆನ್ನಾಗಿ ಪಾಠ ಮಾಡುತ್ತಿದ್ದರು, ವರ್ಕ್‌ಶೀಟ್‌ಗಳೂ ತಪ್ಪದೆ ಬರುತ್ತಿದ್ದವು. ಹಾಗಾದರೆ ಉಳಿದವರು ಯಾಕೆ ಬಿಟ್ಟು ಹೋದರು? ಆಗ ನನಗೆ ಅರ್ಥವಾಗಲಿಲ್ಲ. ಈ ವರ್ಷ ಹೈಸ್ಕೂಲಿನ ಇತಿಹಾಸದ ಪ್ರಾಜೆಕ್ಟ್‌ಗೆ 'ಸ್ಕೂಲ್ ಆಫ್ ದಿ ಏರ್' ಬಗ್ಗೆ ಓದುವಾಗ ಸ್ವಲ್ಪ ಅರ್ಥವಾಯಿತು.

ಆಸ್ಟ್ರೇಲಿಯಾದ ನಡುಭಾಗದಲ್ಲಿ ದೊಡ್ಡ ದೊಡ್ಡ 'ಸ್ಟೇಷನ್'ಗಳಿವೆ. ಊರಿನಲ್ಲಿ ಓದುತ್ತಿರುವ ಅಜ್ಜ ಅಜ್ಜಿಯರೇ, ಇವು ರೈಲು ನಿಲ್ದಾಣಗಳಲ್ಲ! ಸಾವಿರಾರು ದನ ಸಾಕುವ ಜಮೀನುಗಳು. ಪಕ್ಕದ ಮನೆ ಎಂದರೆ ಎಷ್ಟೋ ಕಿಲೋಮೀಟರ್ ದೂರ. ಅಲ್ಲಿಯ ಮಕ್ಕಳಿಗೆ ಪಾಠ ಬರುತ್ತಿದ್ದದ್ದು ಅಂಚೆಯಲ್ಲಿ. ಅಂಚೆ ಮೂಲಕ ಕಲಿಸುವ ಪದ್ಧತಿ ನಮ್ಮ ವಿಕ್ಟೋರಿಯಾದಲ್ಲಿ 1914ರಲ್ಲೇ ಶುರುವಾಗಿತ್ತು. ಆಲಿಸ್ ಸ್ಪ್ರಿಂಗ್ಸ್ ಸುತ್ತಲಿನ ಮಕ್ಕಳಿಗೆ ಪಾಠಗಳು ಸುಮಾರು 1,500 ಕಿಲೋಮೀಟರ್ ದೂರದ ಅಡಿಲೇಡ್‌ನಿಂದ ಬರುತ್ತಿದ್ದವು. ಬರೆದದ್ದನ್ನು ವಾಪಸ್ ಕಳಿಸಿದರೆ ತಿದ್ದಿ ಬರುವ ಹೊತ್ತಿಗೆ ವಾರಗಳೇ ಕಳೆದಿರುತ್ತಿದ್ದವು. ಮನೆಯಲ್ಲಿ ಅಮ್ಮನೇ ಟೀಚರ್.

ಅಲ್ಲಿ ರೇಡಿಯೋ ಬಂದದ್ದು ಶಾಲೆಗಾಗಿ ಅಲ್ಲ, ವೈದ್ಯರನ್ನು ಕರೆಯುವುದಕ್ಕಾಗಿ. 1928ರಲ್ಲಿ ಜಾನ್ ಫ್ಲಿನ್ ಎಂಬ ಪಾದ್ರಿ ವಿಮಾನದಲ್ಲಿ ಡಾಕ್ಟರನ್ನು ಕಳಿಸುವ ಸೇವೆ ಆರಂಭಿಸಿದರು. ಆದರೆ ಕರೆಂಟ್, ಫೋನ್ ಇಲ್ಲದ ಜಾಗದಿಂದ ಡಾಕ್ಟರನ್ನು ಕರೆಯುವುದು ಹೇಗೆ? ಆಲ್ಫ್ರೆಡ್ ಟ್ರೇಗರ್ ಎಂಬ ಎಂಜಿನಿಯರ್ ಸೈಕಲ್ ಪೆಡಲ್ ತುಳಿದು ವಿದ್ಯುತ್ ಉತ್ಪಾದಿಸುವ ರೇಡಿಯೋ ತಯಾರಿಸಿದರು. ಮೊದಲು ಅದರಲ್ಲಿ ಮೋರ್ಸ್ ಸಂಕೇತಗಳನ್ನು ಮಾತ್ರ ಕಳಿಸಬಹುದಿತ್ತು. ಕೆಲವು ವರ್ಷಗಳ ನಂತರ ಮಾತನ್ನೂ ಕಳಿಸುವಂತಾಯಿತು.

ಅಡಿಲೇಡ್ ಮೀತ್ಕೆ ಎಂಬುವರು ದಕ್ಷಿಣ ಆಸ್ಟ್ರೇಲಿಯಾದಲ್ಲಿ ಶಿಕ್ಷಕಿಯಾಗಿ, ಶಾಲಾ ಇನ್‌ಸ್ಪೆಕ್ಟರ್ ಆಗಿ ಕೆಲಸ ಮಾಡಿದವರು. ಈ ಫ್ಲೈಯಿಂಗ್ ಡಾಕ್ಟರ್ ಸೇವೆಗೂ ದುಡಿಯುತ್ತಿದ್ದರು. 1940ರ ದಶಕದಲ್ಲಿ ಅವರು ಆಲಿಸ್ ಸ್ಪ್ರಿಂಗ್ಸ್‌ಗೆ ಹೋದಾಗ ಅಲ್ಲಿಯ ಮಕ್ಕಳು ತುಂಬಾ ನಾಚಿಕೆ ಪಡುವುದನ್ನು ಗಮನಿಸಿದರು. ನನಗೆ ಇಡೀ ಕಥೆಯಲ್ಲಿ ಇಷ್ಟವಾದದ್ದು ಇದೇ. ಮಕ್ಕಳಿಗೆ ಪುಸ್ತಕವಿತ್ತು, ಪಾಠವಿತ್ತು. ಇಲ್ಲದಿದ್ದದ್ದು ಜೊತೆಗಾರರು. ಡಾಕ್ಟರ ರೇಡಿಯೋವನ್ನೇ ಮಕ್ಕಳಿಗೂ ಬಳಸಬಹುದಲ್ಲ ಎಂದು ಅವರಿಗೆ ಹೊಳೆಯಿತು.

1951ರ ಜೂನ್ 8ರಂದು ಆಲಿಸ್ ಸ್ಪ್ರಿಂಗ್ಸ್‌ನ ಫ್ಲೈಯಿಂಗ್ ಡಾಕ್ಟರ್ ಕೇಂದ್ರದಿಂದ ಸ್ಕೂಲ್ ಆಫ್ ದಿ ಏರ್ ಶುರುವಾಯಿತು. ಮೊದಮೊದಲು ಟೀಚರ್ ಮಾತಾಡುತ್ತಿದ್ದರು, ಮಕ್ಕಳು ಕೇಳುತ್ತಿದ್ದರು. ಆಮೇಲೆ ಪಾಠದ ಕೊನೆಯಲ್ಲಿ ಪ್ರಶ್ನೋತ್ತರದ ಸಮಯ ಸೇರಿಸಿದರು. ಆಗ ನಿಜವಾದ ತರಗತಿಯಾಯಿತು. ಒಬ್ಬರು ಬಟನ್ ಒತ್ತಿ ಮಾತಾಡಿದರೆ ಎಲ್ಲ ಮನೆಗಳಲ್ಲೂ ಕೇಳಿಸುತ್ತಿತ್ತು. ಒಂದು ಸಲಕ್ಕೆ ಒಬ್ಬರೇ ಮಾತಾಡಬಹುದು, ಉಳಿದವರು ಕಾಯಬೇಕು. ಗುಡುಗು ಮಿಂಚು ಬಂದರೆ ಬರೀ ಗರಗರ ಸದ್ದು. ಆದರೂ ಮುಖವನ್ನೇ ನೋಡದ ಮಕ್ಕಳು ಒಬ್ಬರ ದನಿ ಇನ್ನೊಬ್ಬರು ಗುರುತು ಹಿಡಿಯುವಂತಾಯಿತು.

ಆ ಶಾಲೆ ಇಂದಿಗೂ ಇದೆ. ಅದರ ವ್ಯಾಪ್ತಿ ಸುಮಾರು 13 ಲಕ್ಷ ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಆರು ಪಟ್ಟಿಗಿಂತ ಹೆಚ್ಚು! ಈಗ ರೇಡಿಯೋ ಬದಲು ಉಪಗ್ರಹದ ಇಂಟರ್‌ನೆಟ್ ಬಂದಿದೆ. ಆದರೆ ಟೀಚರ್‌ಗಳು ಈಗಲೂ ಮಕ್ಕಳ ಮನೆಗೆ ಹೋಗಿ ಬರುತ್ತಾರೆ. ಮಕ್ಕಳೆಲ್ಲ ವರ್ಷದಲ್ಲಿ ಕೆಲವು ವಾರ ಆಲಿಸ್ ಸ್ಪ್ರಿಂಗ್ಸ್‌ಗೆ ಬಂದು ಒಟ್ಟಿಗೆ ಕೂತು ಕಲಿಯುತ್ತಾರೆ, ಆಡುತ್ತಾರೆ.

ಈ ಕಥೆಯಲ್ಲಿ ಬೇಸರದ ಸಂಗತಿಯೂ ಇದೆ. ಆ ಕಾಲದಲ್ಲಿ ಈ ಶಾಲೆಗೆ ಸೇರಿದವರು ಹೆಚ್ಚಾಗಿ ಸ್ಟೇಷನ್ ನಡೆಸುವ ಬಿಳಿಯರ ಮಕ್ಕಳು. ಅದೇ ನೆಲದ ಮೂಲನಿವಾಸಿ ಮಕ್ಕಳಲ್ಲಿ ಬಹಳಷ್ಟು ಜನಕ್ಕೆ ಆ ರೇಡಿಯೋ ಸಿಗಲಿಲ್ಲ. ಯಂತ್ರ ಇದ್ದವರಿಗೆ ಮಾತ್ರ ಶಾಲೆ ಎಂದಾದರೆ ಯಾರೋ ಹೊರಗೆ ಉಳಿಯುತ್ತಾರೆ. 2020ರಲ್ಲೂ ಹಾಗೇ ಆಯಿತು. ಕರ್ನಾಟಕದಲ್ಲಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಮಕ್ಕಳಿಗಾಗಿ ಸರ್ಕಾರ 'ವಿದ್ಯಾಗಮ' ಆರಂಭಿಸಿತು. ಶಿಕ್ಷಕರೇ ಹಳ್ಳಿಗೆ ಹೋಗಿ ಮರದ ಕೆಳಗೆ, ದೇವಸ್ಥಾನದ ಜಗಲಿಯಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೆ ಟೀಚರ್ ನಮ್ಮನ್ನು ಹುಡುಕಿಕೊಂಡು ಬಂದರು ಎಂಬುದನ್ನು ಆ ಮಕ್ಕಳು ಮರೆಯಲಾರರು ಅನಿಸುತ್ತದೆ.

ಈಗ ನನ್ನ ಕಥೆಗೆ ಬರುತ್ತೇನೆ. ಕನ್ನಡ ತರಗತಿಯಲ್ಲಿ ಯಾವಾಗಲೂ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಜೂಮ್‌ನಲ್ಲಿ ಮೊದಲು ಕ್ಯಾಮೆರಾ ಆಫ್ ಮಾಡಿದಳು, ನಂತರ ಬರುವುದನ್ನೇ ಬಿಟ್ಟಳು. ಅವಳ ಮನೆ ಎಂಟು ಕಿಲೋಮೀಟರ್ ದೂರ. ಆಗ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ಆದರೆ ಫೋನ್ ಮಾಡಬಹುದಿತ್ತು. ನಾನು ಮಾಡಲಿಲ್ಲ. ಬೇರೆ ಯಾರಾದರೂ ಮಾಡುತ್ತಾರೆ ಅಂದುಕೊಂಡೆ. ಶಾಲೆ ಮತ್ತೆ ತೆರೆದಾಗ ಅವಳು ವಾಪಸ್ ಬರಲಿಲ್ಲ.

ಈಗ ನಾನು ಚಿಕ್ಕ ಮಕ್ಕಳ ಆನ್‌ಲೈನ್ ತರಗತಿಯಲ್ಲಿ ಟೀಚರ್‌ಗೆ ಸಹಾಯ ಮಾಡುತ್ತೇನೆ. ದೂರದ ಊರಿನ ನಾಲ್ಕು ಮಕ್ಕಳು ಬರುತ್ತಾರೆ. ಮೊದಲ ಐದು ನಿಮಿಷ ಪಾಠವಿಲ್ಲ. ಒಬ್ಬೊಬ್ಬರ ಹೆಸರು ಕರೆದು, "ಬೆಳಿಗ್ಗೆ ಏನು ತಿಂಡಿ ತಿಂದೆ?" ಎಂದು ಕೇಳುತ್ತೇನೆ. ಉಳಿದವರು ಕೇಳಿಸಿಕೊಳ್ಳುತ್ತಾರೆ, ನಗುತ್ತಾರೆ. ಯಾರಾದರೂ ಎರಡು ವಾರ ಬರದಿದ್ದರೆ ಅವರ ಮನೆಗೆ ಫೋನ್ ಮಾಡುತ್ತೇನೆ.

ನಿಮ್ಮ ತರಗತಿಯಲ್ಲಿ ಬರುವುದನ್ನು ನಿಲ್ಲಿಸಿದವರು ಯಾರಾದರೂ ಇದ್ದಾರಾ? ಈ ವಾರ ಅವರಿಗೆ ಒಂದು ಫೋನ್ ಮಾಡಿ. ನಾನೂ ನನ್ನ ಗೆಳತಿಗೆ ಮಾಡುತ್ತೇನೆ. ಐದು ವರ್ಷ ತಡವಾಗಿದೆ, ಆದರೂ ಮಾಡುತ್ತೇನೆ.