ಥನ್‌ಬರ್ಜಿಯ

ಥನ್‌ಬರ್ಜಿಯ ಅಕ್ಯಾಂತೇಸೀ ಕುಟುಂಬಕ್ಕೆ ಸೇರಿದ ಹೂಬಿಡುವ ಸಸ್ಯಗಳ ಒಂದು ಜಾತಿ. ಆಡುಸೋಗೆ, ಕನಕಾಂಬರಗಳೂ ಇದೇ ಕುಟುಂಬದವು. ಆಫ್ರಿಕ, ಮಡಗಾಸ್ಕರ್ ಹಾಗೂ ದಕ್ಷಿಣ ಏಷ್ಯದ ಉಷ್ಣವಲಯಗಳು ಇದರ ತವರು. ಸುಮಾರು 100ಕ್ಕೂ ಹೆಚ್ಚು ಪ್ರಭೇದಗಳಿದ್ದು ಬಹುಪಾಲು ಹಬ್ಬುವ ಬಳ್ಳಿಗಳು. ನಿತ್ಯಹಸುರಾದ ಹಲವನ್ನು ಅಲಂಕಾರಕ್ಕಾಗಿ ಬೆಳೆಸುತ್ತಾರೆ. ಥನ್‌ಬರ್ಜಿಯ ಇರೆಕ್ಟ ಮಾತ್ರ ಪೊದೆಯಾಗಿ ಬೆಳೆಯುವುದರಿಂದ ಬೇಲಿಗೆ ಒಪ್ಪುತ್ತದೆ. ಲಿನೇಯಸನ ಶಿಷ್ಯನೂ 1775-76ರಲ್ಲಿ ಜಪಾನಿನಲ್ಲಿ ಡಚ್ ಈಸ್ಟ್ ಇಂಡಿಯ ಕಂಪನಿಯ ವೈದ್ಯನೂ ಆಗಿದ್ದ ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಪೀಟರ್ ಥನ್‌ಬರ್ಗನ ಗೌರವಾರ್ಥ ರೆಟ್ಸಿಯಸ್ ಈ ಜಾತಿಗೆ ಹೆಸರಿಟ್ಟ.

ಲಕ್ಷಣಗಳು

ಎಲೆಗಳು ಸರಳ, ಅಭಿಮುಖ ಜೋಡಣೆಯವು. ಮೊಗ್ಗನ್ನು ಎರಡು ದೊಡ್ಡ ಉಪಪತ್ರಗಳು ಚಿಪ್ಪಿನಂತೆ ಮುಚ್ಚಿರುತ್ತವೆ. ಇವನ್ನೇ ಪುಷ್ಪಪಾತ್ರೆಯೆಂದು ಭ್ರಮಿಸುವುದುಂಟು. ನಿಜವಾದ ಪುಷ್ಪಪಾತ್ರೆ ಒಳಗಿನ ಕಿರಿದಾದ ಅಂಚು ಇಲ್ಲವೆ ಸಣ್ಣ ಹಲ್ಲುಗಳ ಸಾಲು ಅಷ್ಟೆ. ದಳವೃತ್ತ ಕೊಳವೆಯಾಕಾರದ್ದಾಗಿ ತುದಿಯಲ್ಲಿ ಐದು ಹಾಲೆಗಳಾಗಿ ಹರಡಿದೆ. ಕೇಸರಗಳು ನಾಲ್ಕು. ಕಾಯಿಯ ತುದಿ ಹಕ್ಕಿಯ ಕೊಕ್ಕಿನಂತೆ ಚಾಚಿರುತ್ತದೆ. ಒಣಗಿದಾಗ ಕಾಯಿ ಸಿಡಿದು ಬೀಜ ಚೆಲ್ಲುತ್ತದೆ.

ಮುಖ್ಯ ಪ್ರಭೇದಗಳು

ಮೈಸೂರಿನ ಹೆಸರನ್ನು ಹೊತ್ತ ಥನ್‌ಬರ್ಜಿಯ ಮೈಸೊರೆನ್ಸಿಸ್ ಪಶ್ಚಿಮಘಟ್ಟದ ಕಾಡುಬಳ್ಳಿ. ರಾಬರ್ಟ್ ವೈಟ್ ಇದನ್ನು ಮೊದಲು ಹೆಕ್ಸಾಸೆಂಟ್ರಿಸ್ ಎಂಬ ಬೇರೆ ಜಾತಿಯಲ್ಲಿ ಸೇರಿಸಿದ್ದ. ಹಳದಿ ಕೊಳವೆ, ಕೆಂಗಂದು ಹಾಲೆಗಳ ಹೂಗಳು ಉದ್ದನೆಯ ಗೊಂಚಲುಗಳಲ್ಲಿ ಕೆಳಕ್ಕೆ ತೂಗುತ್ತವೆ. ಮಕರಂದ ಹೀರಲು ಬರುವ ಸೂರಕ್ಕಿಗಳು ಪರಾಗಸ್ಪರ್ಶಕ್ಕೆ ನೆರವಾಗುತ್ತವೆ. ಗೊಂಚಲು ಸುಮಾರು ಒಂದು ಮೀಟರಿನಷ್ಟು ಇಳಿಬೀಳುವುದರಿಂದ ಚಪ್ಪರ ತಲೆಗಿಂತ ಸಾಕಷ್ಟು ಎತ್ತರದಲ್ಲಿರಬೇಕು. ಗೋಡೆಗೆ ಒತ್ತಿ ಹಬ್ಬಿಸಿದರೆ ಇದರ ಅಂದವೇ ಕಾಣದು.

ಉತ್ತರ ಭಾರತದಿಂದ ಚೀನದವರೆಗೆ ಕಾಣಸಿಗುವ ಗ್ರಾಂಡಿಫ್ಲೋರದ ತಿಳಿನೀಲಿ ಹೂಗಳಿಗೆ ದೊಡ್ಡ ಕಪ್ಪು ದುಂಬಿಗಳು ಬರುತ್ತವೆ. ಲಾರಿಫೋಲಿಯ ಪ್ರಭೇದದ ಹೂ ಇದನ್ನೇ ಹೋಲುವುದರಿಂದ ಗುರುತಿಗೆ ಎಲೆಯನ್ನು ನೋಡಬೇಕು: ಗ್ರಾಂಡಿಫ್ಲೋರದ ಎಲೆ ಅಗಲ, ಬುಡ ಹೃದಯಾಕಾರ, ಅಂಚು ಕೋನಗಳಿಂದ ಕೂಡಿದ್ದು, ಲಾರಿಫೋಲಿಯದ್ದು ಕಿರಿದು, ಉದ್ದ. ಪೂರ್ವ ಆಫ್ರಿಕದ ಅಲಾಟದ ಕಿತ್ತಳೆ ಬಣ್ಣದ ಹೂವಿನ ನಡುವೆ ಕಪ್ಪು ಕಣ್ಣಿದೆ. ತಂಪು ದೇಶಗಳಲ್ಲಿ ಇದನ್ನು ವಾರ್ಷಿಕವಾಗಿ ಬೀಜದಿಂದ ಬೆಳೆಸುತ್ತಾರೆ.

ಬೇಸಾಯ ಮತ್ತು ಹಾವಳಿ

ನೀರು ಬಸಿಯುವ ಫಲವತ್ತಾದ ಮಣ್ಣು, ಬಿಸಿಲು ಅಥವಾ ಅರೆನೆರಳು ಬೇಕು. ಕಾಂಡದ ತುಂಡುಗಳಿಂದ ಸುಲಭವಾಗಿ ವೃದ್ಧಿಸಬಹುದು. ಹೂ ಮುಗಿದ ಮೇಲೆ ಸವರುವುದು ಒಳ್ಳೆಯದು.

ತುಂಡಿನಿಂದಲೇ ಚಿಗುರುವ ಈ ಗುಣವೇ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಪಿಡುಗಾಗಿದೆ. ಅಲಂಕಾರಕ್ಕೆಂದು ತಂದ ಗ್ರಾಂಡಿಫ್ಲೋರ, ಲಾರಿಫೋಲಿಯಗಳು ತೋಟಗಳಿಂದ ತಪ್ಪಿಸಿಕೊಂಡು ಹೊಳೆದಂಡೆಯ ಮಳೆಕಾಡನ್ನು ಹೊದಿಕೆಯಂತೆ ಮುಚ್ಚಿ ಮರಗಳನ್ನು ಕೊಲ್ಲುತ್ತವೆ. ಪ್ರವಾಹ ತುಂಡುಗಳನ್ನು ಕೆಳಕ್ಕೆ ಒಯ್ಯುತ್ತದೆ. ಬಳ್ಳಿ ಕಡಿದರೂ ನೆಲದೊಳಗಿನ ಭಾರಿ ಗೆಡ್ಡೆ ಮತ್ತೆ ಚಿಗುರುವುದರಿಂದ ಗೆಡ್ಡೆಯನ್ನೇ ಅಗೆದು ತೆಗೆಯಬೇಕು, ಇಲ್ಲವೆ ಕಡಿದ ಬುಡಕ್ಕೆ ಕಳೆನಾಶಕ ಸವರಬೇಕು.